ಕಾಯಾ ಕಣಿವೆಯಲ್ಲಿ ಒಂಬತ್ತು ದಿನಗಳು

2023ರ ಅಕ್ಟೋಬರ್ ತಿಂಗಳಿನಲ್ಲಿ ನಾನು ಟರ್ಕಿಗೆ ಹೋಗಿಬಂದ ಸಂಗತಿ ತಿಳಿದವರೆಲ್ಲ ಇಂದಿಗೂ ಕೇಳುವುದು ಇಸ್ತಾಂಬುಲಿನ ವಿಚಾರವನ್ನೇ. ಹಾಗಿಯಾ ಸೋಫಿಯಾ ನೋಡಿದಿರಾ, ಬಾಸ್ಫರಸ್ ಜಲಸಂಧಿಯಲ್ಲಿ ದೋಣಿ ಹತ್ತಿದಿರಾ ಎಂಬ ಪ್ರಶ್ನೆಗಳು. ನೋಡಿದೆ, ಹತ್ತಿದೆ. ಎರಡು ದಿನಗಳಲ್ಲಿ ಆಗಬಹುದಾದಷ್ಟೂ ಆಯಿತು. ಅವುಗಳ ವರ್ಣನೆ ಯಾವ ಪ್ರವಾಸಗ್ರಂಥದಲ್ಲಾದರೂ ದೊರೆಯುತ್ತದೆ. ನನ್ನ ಮನಸ್ಸಿನಲ್ಲಿ ಇನ್ನೂ ನಿಂತಿರುವುದು ಆ ಮಹಾನಗರವಲ್ಲ, ಅದರಾಚೆ ನೈಋತ್ಯ ಮೂಲೆಯಲ್ಲಿರುವ ಒಂದು ಸಣ್ಣ ಕಣಿವೆ. ಅಲ್ಲಿ ಒಂದು ಹಳ್ಳಿಮನೆಯನ್ನು ಬಾಡಿಗೆಗೆ ಹಿಡಿದು ಒಂಬತ್ತು ದಿನ ಇದ್ದೆವು. ಜರ್ಮನಿಯಲ್ಲಿರುವ ಮಗಳು ಮತ್ತು ಅಳಿಯ ತಮ್ಮ ರಜೆಯನ್ನು ಅಲ್ಲಿ ಕಳೆಯಲು ನಿಶ್ಚಯಿಸಿ ನನ್ನನ್ನೂ ಕರೆಸಿಕೊಂಡಿದ್ದರು. "ಅಮ್ಮಾ, ಅಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ, ಸುಮ್ಮನೆ ಕೂತಿರಬಹುದು" ಎಂದಿದ್ದಳು ಮಗಳು. ನೋಡುವುದಕ್ಕೆ ಏನೇನಿತ್ತು ಎಂಬುದನ್ನೇ ಈಗ ಬರೆಯಹೊರಟಿದ್ದೇನೆ.

ಭೂಪಟ ಬಿಡಿಸಿ ಪಾಠ ಹೇಳುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಮೊದಲು ಸ್ಥಳ ಹೇಳಿಬಿಡುತ್ತೇನೆ. ಟರ್ಕಿಯ ಮೂಲಾ ಪ್ರಾಂತದಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯ ಮೇಲೆ, ಫೆತಿಯೆ ಎಂಬ ಪಟ್ಟಣವಿದೆ. ಅದರ ಹಳೆಯ ಹೆಸರು ಮಾಕ್ರಿ. ಆ ಪಟ್ಟಣದಿಂದ ಪೈನ್ ಮರಗಳ ಗುಡ್ಡವನ್ನೇರಿ ಆಚೆ ಇಳಿದರೆ ಸುಮಾರು 8 ಕಿಲೋಮೀಟರ್ ದೂರದಲ್ಲಿ ಸುತ್ತಲೂ ಬೆಟ್ಟಗಳಿರುವ, ತಟ್ಟೆಯಂತೆ ಸಮನಾದ ಒಂದು ಬಯಲು. ಅದೇ ಕಾಯಾ ಕಣಿವೆ. ಪೂರ್ವಕ್ಕೆ 1,969 ಮೀಟರ್ ಎತ್ತರದ ಬಾಬಾದಾಗ್ ಪರ್ವತ. ದಕ್ಷಿಣದ ಗುಡ್ಡದಾಚೆ ಕಡಲು. ಪಟ್ಟಣದಿಂದ ಅಲ್ಲಿಗೆ 'ದೋಲ್ಮುಶ್' ಎಂಬ ಸಣ್ಣ ಬಸ್ಸುಗಳು ಓಡುತ್ತವೆ. ಆ ಪದದ ಅರ್ಥ 'ತುಂಬಿದ್ದು' ಎಂದು. ನಮ್ಮೂರಿನ ಮ್ಯಾಕ್ಸಿಕ್ಯಾಬುಗಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ!

ನಾವಿದ್ದ ಮನೆ ಕಲ್ಲಿನದು. ಎರಡಡಿ ದಪ್ಪದ ಗೋಡೆ, ಚಿಕ್ಕ ಕಿಟಕಿಗಳು, ಮರದ ಮಾಳಿಗೆ, ಮುಂದೆ ದ್ರಾಕ್ಷಿ ಬಳ್ಳಿಯ ಚಪ್ಪರ. ಹಿತ್ತಲಿನಲ್ಲಿ ಅಂಜೂರ, ಆಲಿವ್, ದಾಳಿಂಬೆ ಗಿಡಗಳು. ಪಕ್ಕದಲ್ಲೇ ಮನೆಯೊಡತಿಯ ಸ್ವಂತ ಮನೆ. ಎಪ್ಪತ್ತರ ಹತ್ತಿರದ ವಯಸ್ಸು, ತಲೆಗೆ ಹೂವಿನ ಚಿತ್ತಾರದ ವಸ್ತ್ರ, ಸದಾ ಏನಾದರೊಂದು ಕೆಲಸದಲ್ಲಿರುವ ಕೈ. ಮಗಳು ಆಕೆಯನ್ನು 'ತೇಜೆ' ಎಂದು ಕರೆಯತೊಡಗಿದಳು. ತಾಯಿಯ ಸೋದರಿ ಎಂದು ಅರ್ಥ. ಇಂಗ್ಲಿಷಿನಲ್ಲಿ 'ಆಂಟಿ' ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಮುಗಿಸಿಬಿಡುತ್ತಾರಷ್ಟೆ. ಟರ್ಕಿಯವರು ನಮ್ಮಂತೆಯೇ ಬಿಡಿಸಿ ಹೇಳುತ್ತಾರೆ. ತಂದೆಯ ಸೋದರಿ 'ಹಾಲಾ', ತಾಯಿಯ ಸೋದರ 'ದಾಯಿ', ತಂದೆಯ ಸೋದರ 'ಅಮ್ಜಾ'. ಅಕ್ಕನಿಗೆ 'ಆಬ್ಲಾ' ಎಂಬ ಬೇರೆಯೇ ಹೆಸರು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳೆಂದು ತಿಳಿದ ಕ್ಷಣದಿಂದ ಆಕೆಗೆ ನಾನು 'ಹೋಜಾಮ್' ಆದೆ. 'ನನ್ನ ಗುರುವೇ' ಎಂದು ಅದರ ತಾತ್ಪರ್ಯ. ನಿವೃತ್ತಿಯ ನಂತರ ಅಷ್ಟು ದೂರದಲ್ಲಿ ಆ ಪದವಿ ಮರಳಿ ದೊರೆತದ್ದು ಸಂತೋಷವೆನಿಸಿತು ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ.

ನಮ್ಮ ಸಂಭಾಷಣೆಗೆ ಮಗಳ ಮೊಬೈಲಿನ ಅನುವಾದ ಯಂತ್ರವೇ ಸೇತುವೆ. ಆದರೂ ಕೆಲವು ಪದಗಳಿಗೆ ಆ ಸೇತುವೆ ಬೇಕಾಗಲಿಲ್ಲ. ಸಾಬೂನು ಅಲ್ಲಿಯೂ 'ಸಾಬುನ್', ಹಿಸಾಬು 'ಹೆಸಾಪ್', ಜವಾಬು 'ಜೆವಾಪ್', ಕಲಮು 'ಕಲೆಮ್', ಹವಾ 'ಹವಾ'ವೇ. ಬಾಗಿಲಿಗೆ ಕಟ್ಟಿದ್ದ ನೀಲಿ ಗಾಜಿನ ಕಣ್ಣನ್ನು ತೋರಿಸಿ ಆಕೆ 'ನಜರ್' ಎಂದಾಗ ನನಗೆ ವಿವರಣೆ ಬೇಕಾಗಲಿಲ್ಲ. ಅರಬ್ಬಿ, ಪಾರಸಿ ಪದಗಳು ಪಶ್ಚಿಮಕ್ಕೆ ಆ ಕಡೆಗೂ, ದಖ್ಖನಿನ ಸುಲ್ತಾನರ ಆಡಳಿತದ ಮೂಲಕ ನಮ್ಮ ಕಡೆಗೂ ಹರಿದು ಬಂದಿದ್ದರ ಫಲ ಇದು. ಹೀಗೆ ಹರಿದು ಬಂದ ಇನ್ನೊಂದು ಪದದ ವಿಷಯವನ್ನು ಮುಂದೆ ಹೇಳುತ್ತೇನೆ.

ಊಟದ ವಿಚಾರವನ್ನು ಕೇಳದೆ ನಮ್ಮ ನೆಂಟರು ಬಿಡುವವರಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ತೊಂದರೆಯಿಲ್ಲ. ಬೆಳಗಿನ ಉಪಾಹಾರಕ್ಕೆ ಆಲಿವ್ ಕಾಯಿ, ಬಿಳಿಯ ಗಿಣ್ಣು, ಟೊಮೇಟೊ, ಸೌತೆಕಾಯಿ, ಬ್ರೆಡ್ಡು, ಜೇನು. ಗೋಧಿ ನುಚ್ಚಿಗೆ 'ಬುಲ್ಗುರ್' ಎನ್ನುತ್ತಾರೆ. ಮಜ್ಜಿಗೆಗೆ 'ಆಯ್ರಾನ್'. ದ್ರಾಕ್ಷಿ ರಸವನ್ನು ಕಾಸಿ ಇಳಿಸಿದ 'ಪೆಕ್ಮೆಜ್' ನೋಡುವುದಕ್ಕೂ ನಾಲಿಗೆಗೂ ನಮ್ಮ ಜೋನಿಬೆಲ್ಲದ ತಂಗಿ. ನಾವು ಹೋದದ್ದು ದಾಳಿಂಬೆಯ ಕಾಲ. ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು, ಹುಳಿ ದಾಳಿಂಬೆಯ ರಸವನ್ನು ಸೌದೆ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಗಟ್ಟಿಯಾದ ಮೇಲೆ ಸೀಸೆಗೆ ತುಂಬುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಹುಳಿ ಕಾಸಿಡುವುದನ್ನು ಕಂಡವರಿಗೆ ಆ ಹೊಗೆ, ಆ ವಾಸನೆ, ಆ ತಾಳ್ಮೆ ಯಾವುದೂ ಹೊಸದಲ್ಲ. ಕೆಲಸದಲ್ಲಿರುವವರನ್ನು ಕಂಡರೆ 'ಕೊಲಾಯ್ ಗೆಲ್ಸಿನ್' ಎನ್ನಬೇಕೆಂದು ಕಲಿತೆ. 'ಕೆಲಸ ಸುಲಭವಾಗಿ ಬರಲಿ' ಎಂಬ ಹಾರೈಕೆ. ನಾವೂ ಇಂಥದೊಂದು ಮಾತನ್ನು ರೂಢಿ ಮಾಡಿಕೊಂಡಿದ್ದರೆ ಎಷ್ಟು ಚೆನ್ನಿತ್ತು ಎನಿಸಿತು.

ಇನ್ನು ಆ ಕಣಿವೆಯ ಮೌನ. ಹಗಲಿನಲ್ಲಿ ಮೇಕೆಗಳ ಕೊರಳ ಗಂಟೆ, ದೂರದಲ್ಲೆಲ್ಲೋ ಟ್ರ್ಯಾಕ್ಟರು, ಹೊತ್ತು ಹೊತ್ತಿಗೆ ಮಸೀದಿಯ ಅಜಾನ್. ರಾತ್ರಿ ಗೂಬೆಯ ಕೂಗನ್ನು ಬಿಟ್ಟರೆ ಬೇರೇನೂ ಇಲ್ಲ. ಬೆಂಗಳೂರಿನ ಸದ್ದಿಗೆ ಒಗ್ಗಿಹೋದ ಕಿವಿಗೆ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಚಪ್ಪರದ ಕೆಳಗೆ ಬಂದು ಕುಳಿತೆ. ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ. ಎದುರಿನ ಗುಡ್ಡದ ಇಳಿಜಾರು ಮಾತ್ರ ಸಂಪೂರ್ಣ ಕತ್ತಲು. ಬೆಳಗಾದ ಮೇಲೆ ನೋಡಿದರೆ ಆ ಇಳಿಜಾರಿನ ತುಂಬ ಮನೆಗಳು! ಒಂದರ ಮೇಲೊಂದು, ಸಾಲು ಸಾಲಾಗಿ, ನೂರಾರು ಮನೆಗಳು. ಒಂದಕ್ಕೂ ಮಾಡಿಲ್ಲ. ಒಂದರಲ್ಲೂ ಮನುಷ್ಯರಿಲ್ಲ.

ಇದು ಕಾಯಾಕೋಯ್. 'ಕಾಯಾ' ಎಂದರೆ ಬಂಡೆ, 'ಕೋಯ್' ಎಂದರೆ ಹಳ್ಳಿ, 'ಬಂಡೆಯೂರು' ಎನ್ನಬಹುದು. ನಮ್ಮ ಭಾಷೆಯಲ್ಲಿ ಕಾಯವೆಂದರೆ ದೇಹ. ಆ ಊರನ್ನು ಕಂಡವರಿಗೆ ನಮ್ಮ ಅರ್ಥವೇ ಸರಿಯೆನಿಸೀತು, ಜೀವ ಹೋದ ಕಾಯ ಅದು. ಅಲ್ಲಿದ್ದವರು ಗ್ರೀಕ್ ಆರ್ಥೊಡಾಕ್ಸ್ ಪಂಥದ ಕ್ರೈಸ್ತರು. ಅವರ ಬಾಯಲ್ಲಿ ಊರಿನ ಹೆಸರು ಲಿವಿಸ್ಸಿ. ಬಯಲಿನಲ್ಲಿ ಮುಸ್ಲಿಂ ರೈತರು, ಇಳಿಜಾರಿನಲ್ಲಿ ಇವರು. ತಲೆಮಾರುಗಳ ಕಾಲ ಒಂದೇ ಕಣಿವೆಯಲ್ಲಿ ಬಾಳಿದರು.

ಎರಡನೆಯ ದಿನ ಚೀಟಿ ಕೊಂಡು ಊರೊಳಗೆ ಹೋದೆವು. ಮಂಡಿನೋವಿನ ನನಗೆ ಹತ್ತುವುದು ನಿಧಾನ. ಆ ನಿಧಾನದಿಂದಾಗಿ ಮನೆಗಳನ್ನು ಒಂದೊಂದಾಗಿ ನೋಡಲು ಸಾಧ್ಯವಾಯಿತು. ಹೆಚ್ಚಿನವು ಎರಡಂತಸ್ತಿನ ಚಿಕ್ಕ ಮನೆಗಳು. ಕೆಳಗೆ ದನಕರು ಮತ್ತು ದಾಸ್ತಾನು, ಮೇಲೆ ವಾಸ. ಮಳೆನೀರನ್ನು ಹಿಡಿದಿಡಲು ಮನೆಗೊಂದು ತೊಟ್ಟಿ. ಗೋಡೆಯಲ್ಲಿ ಬೆಂಕಿಗೂಡು, ಪಕ್ಕದಲ್ಲಿ ಗೂಡು ಕಪಾಟು, ಅಲ್ಲಲ್ಲಿ ಇನ್ನೂ ಮಾಸದ ನೀಲಿ ಸುಣ್ಣ. ಗಮನಿಸಬೇಕಾದ ಸಂಗತಿಯೊಂದಿದೆ. ಯಾವ ಮನೆಯೂ ಹಿಂದಿನ ಮನೆಯ ಬೆಳಕನ್ನಾಗಲಿ ನೋಟವನ್ನಾಗಲಿ ತಡೆಯುವುದಿಲ್ಲ. ಗುಡ್ಡದ ತುದಿಯ ಮನೆಗೂ ಬಯಲು ಕಾಣುತ್ತದೆ, ತಳದ ಮನೆಗೂ ಕಾಣುತ್ತದೆ. ಬಿತ್ತನೆಯ ನೆಲ ಹಾಳಾಗಬಾರದೆಂದು ಬಯಲನ್ನು ಬಿಟ್ಟು ಬಂಡೆಯ ಮೇಲೆ ಕಟ್ಟಿಕೊಂಡ ಊರು ಅದು. ನೆರೆಹೊರೆ ಎಂಬುದನ್ನು ಅಷ್ಟು ಎಚ್ಚರದಿಂದ ಯೋಚಿಸಿದ ಜನರನ್ನು ನೆರೆಹೊರೆಯೇ ಇಲ್ಲದಂತೆ ಚದುರಿಸಲಾಯಿತು.

ಎರಡು ದೊಡ್ಡ ಚರ್ಚುಗಳಿವೆ, ಮೇಲಿನದು ಮತ್ತು ಕೆಳಗಿನದು. ಕಪ್ಪು ಬಿಳಿ ಗುಂಡುಗಲ್ಲುಗಳನ್ನು ಜೋಡಿಸಿ ನೆಲಕ್ಕೆ ಹಾಕಿದ ಚಿತ್ತಾರ ಶತಮಾನ ಕಳೆದರೂ ಉಳಿದುಕೊಂಡಿದೆ. ಊರಿನಲ್ಲಿ ಶಾಲೆಗಳೂ ಇದ್ದವು. ಶಾಲೆಯೆಂದು ತೋರಿಸಿದ ಕಟ್ಟಡದೊಳಗೆ ನಾನು ಬಹಳ ಹೊತ್ತು ನಿಂತೆ. ಮಾಡಿಲ್ಲದ ಕೋಣೆ, ನೆಲದಲ್ಲಿ ಹುಲ್ಲು, ಕಿಟಕಿಯಲ್ಲಿ ಬೇರುಬಿಟ್ಟ ಅಂಜೂರದ ಗಿಡ. ಆ ಶಾಲೆಯ ಕೊನೆಯ ಹಾಜರಿ ಪುಸ್ತಕ ಎಲ್ಲಿ ಹೋಯಿತೋ! ಕೊನೆಯ ದಿನ ಹೆಸರು ಕೂಗಿದವರು ಯಾರೋ! ಮೂವತ್ತಮೂರು ವರ್ಷ ಪ್ರತಿ ಬೆಳಗ್ಗೆ ಹಾಜರಿ ಕೂಗಿದವಳಿಗೆ ಬೇರೆ ಯಾವ ಯೋಚನೆ ಬಂದೀತು?

ಈಗ ಸ್ವಲ್ಪ ಇತಿಹಾಸ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ಸಾಮ್ರಾಜ್ಯ ಸೋತಿತು. ಆ ಯುದ್ಧದ ವರ್ಷಗಳಲ್ಲೇ ಲಿವಿಸ್ಸಿಯ ಹಲವರನ್ನು ಊರು ಬಿಡಿಸಿ ಒಳನಾಡಿಗೆ ಅಟ್ಟಲಾಗಿತ್ತು. 1919ರಿಂದ 1922ರವರೆಗೆ ಗ್ರೀಸ್ ಮತ್ತು ಟರ್ಕಿಗಳ ನಡುವೆ ಮತ್ತೆ ಯುದ್ಧ ನಡೆದು ಗ್ರೀಕ್ ಸೇನೆ ಸೋತು ಹಿಂದಿರುಗಿತು. ಎರಡೂ ಕಡೆ ಸಾಮಾನ್ಯ ಜನ ಹತ್ಯೆ, ಬೆಂಕಿಗಳಿಗೆ ಸಿಕ್ಕಿ ನುಗ್ಗಾದರು. ಅನಂತರ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಸಂಧಾನ ನಡೆಯಿತು. 1923ರ ಜನವರಿ 30ರಂದು ಎರಡು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಟರ್ಕಿಯಲ್ಲಿರುವ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ ಹೋಗತಕ್ಕದ್ದು, ಗ್ರೀಸಿನಲ್ಲಿರುವ ಮುಸ್ಲಿಮರು ಟರ್ಕಿಗೆ ಬರತಕ್ಕದ್ದು. ಅನುಮತಿಯಿಲ್ಲದೆ ಯಾರೂ ಮರಳಿ ಹೋಗುವಂತಿಲ್ಲ. ಇಷ್ಟವಿದ್ದವರು ಹೋಗಬಹುದು ಎಂದಲ್ಲ, ಹೋಗಲೇಬೇಕು. ಇಸ್ತಾಂಬುಲಿನ ಗ್ರೀಕರಿಗೂ ಪಶ್ಚಿಮ ಥ್ರೇಸಿನ ಮುಸ್ಲಿಮರಿಗೂ ಮಾತ್ರ ವಿನಾಯಿತಿ. ಮೊದಲೇ ಓಡಿಹೋಗಿದ್ದವರನ್ನೂ ಸೇರಿಸಿ ಸುಮಾರು 12 ಲಕ್ಷ ಕ್ರೈಸ್ತರು ಆ ಕಡೆಗೆ, ಮೂರೂವರೆಯಿಂದ ನಾಲ್ಕು ಲಕ್ಷದಷ್ಟು ಮುಸ್ಲಿಮರು ಈ ಕಡೆಗೆ.

ಭಾಷೆಯನ್ನು ಯಾರೂ ಕೇಳಲಿಲ್ಲ. ಅನಟೋಲಿಯಾದ ಒಳನಾಡಿನ ಅನೇಕ ಕ್ರೈಸ್ತರಿಗೆ ಬರುತ್ತಿದ್ದುದು ಟರ್ಕಿ ಭಾಷೆ ಮಾತ್ರ. ಕ್ರೀಟ್ ದ್ವೀಪದ ಅನೇಕ ಮುಸ್ಲಿಮರಿಗೆ ಬರುತ್ತಿದ್ದುದು ಗ್ರೀಕ್ ಮಾತ್ರ. ಹೀಗಾಗಿ 'ಸ್ವದೇಶ'ಕ್ಕೆ ಬಂದಿಳಿದವರಿಗೆ ಸ್ವದೇಶದ ಮಾತೇ ತಿಳಿಯದು! ಈ ಯೋಜನೆಯನ್ನು ಮುಂದಿಟ್ಟವರಲ್ಲಿ ಪ್ರಮುಖರು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್, ನಿರಾಶ್ರಿತರ ಸೇವೆಗಾಗಿ 1922ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಇನ್ನಷ್ಟು ಹತ್ಯೆಗಳನ್ನು ತಪ್ಪಿಸುವ ಸದುದ್ದೇಶ ಅವರದು. ಆ ಸಮ್ಮೇಳನದಲ್ಲಿ ಬ್ರಿಟನ್ನಿನ ಪರವಾಗಿ ಕುಳಿತಿದ್ದವರು ನಮ್ಮ ಪಠ್ಯಪುಸ್ತಕದ ಲಾರ್ಡ್ ಕರ್ಜನ್, 1905ರಲ್ಲಿ ಬಂಗಾಳವನ್ನು ಒಡೆದ ಅದೇ ಕರ್ಜನ್. 'ಬಂಗಾಳ ವಿಭಜನೆಯ ಕಾರಣಗಳು, ಐದು ಅಂಕ' ಎಂದು ಬರೆದು ಕಂಠಪಾಠ ಮಾಡಿದ ನಿಮಗೆ ಅವರ ಹೆಸರು ಮರೆತಿರಲಾರದು.

ಈ ವಿನಿಮಯಕ್ಕೆ ಟರ್ಕಿಯವರು ಇಟ್ಟ ಹೆಸರು 'ಮುಬಾದೆಲೆ'. ನಾನು ಮೊದಲೇ ಸೂಚಿಸಿದ ಪದ ಇದು. ನಮ್ಮ 'ಬದಲು', 'ಬದಲಿ'ಗಳು ಹುಟ್ಟಿದ್ದು ಇದೇ ಅರಬ್ಬಿ ಮೂಲದಿಂದ. ತೇಜೆಯ ಬಾಯಿಂದ ಆ ಪದ ಬಿದ್ದಾಗ ಮಗಳ ಮೊಬೈಲು ಅನುವಾದಿಸುವುದಕ್ಕೆ ಮುಂಚೆಯೇ ನನಗೆ ಅರ್ಥ ಹೊಳೆದಿತ್ತು. ಹರಿದ ನೋಟನ್ನು ಬದಲಿಸುತ್ತೇವೆ, ರಜೆ ಹಾಕಿದ ಮೇಷ್ಟರಿಗೆ ಬದಲಿ ಮೇಷ್ಟರನ್ನು ಕಳಿಸುತ್ತೇವೆ. ಇಲ್ಲಿ ಜನರನ್ನೇ ಬದಲಿ ಮಾಡಿಕೊಂಡಿದ್ದರು.

ತೇಜೆಯ ಗಂಡನ ಅಜ್ಜ ಹಾಗೆ ಗ್ರೀಸಿನ ಮ್ಯಾಸಿಡೋನಿಯ ಪ್ರದೇಶದಿಂದ ಬಂದವರು. ಸರ್ಕಾರ ಅವರಿಗೆ ಇಳಿಜಾರಿನ ಒಂದು ಮನೆಯನ್ನು ಕೊಟ್ಟಿತು. ಆ ಮನೆಯ ಒಳಕೋಣೆಯಲ್ಲಿ ಆಲಿವ್ ಕಾಯಿಗಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ ದೊಡ್ಡ ಮಣ್ಣಿನ ಬರಣಿ ಇತ್ತಂತೆ. ಹಾಕಿದವರು ತಿನ್ನಲು ಉಳಿಯಲಿಲ್ಲ. ಹೊಸದಾಗಿ ಬಂದವರ ಮನೆಯಲ್ಲಿ ಹಸಿವಿತ್ತು. ಆದರೂ ಅಜ್ಜಿ ಅದನ್ನು ಮಕ್ಕಳಿಗೆ ಬಡಿಸಲಿಲ್ಲ. ತಾನು ಬಿಟ್ಟುಬಂದ ಮನೆಯ ಉಗ್ರಾಣವನ್ನು ಈಗ ಯಾರು ತೆರೆಯುತ್ತಿದ್ದಾರೋ ಎಂದು ಅತ್ತು, ಕಾಯಿಗಳನ್ನು ಮರದ ಬುಡಕ್ಕೆ ಸುರಿದಳಂತೆ. ಒಂದು ಚಳಿಗಾಲ ಕಳೆದ ಮೇಲೆ ಅವರು ಆ ಮನೆಯನ್ನು ಬಿಟ್ಟು ಬಯಲಿಗೆ ಇಳಿದರು. ಹೊಲದಲ್ಲಿ ದುಡಿದು ಬೆಳೆದವರಿಗೆ ಬಂಡೆಯ ಮೇಲಿನ ಮನೆ ಒಗ್ಗಲಿಲ್ಲ ಎಂಬುದೂ ಕಾರಣ. ಬರಣಿಯನ್ನು ಮಾತ್ರ ಹೊತ್ತು ತಂದರು. ಅದು ಈಗಲೂ ತೇಜೆಯ ಅಂಗಳದಲ್ಲಿದೆ. ಅದರಲ್ಲಿ ಕೆಂಪು ಜೆರೇನಿಯಂ ಬೆಳೆಸಿದ್ದಾರೆ. ನಾನು ಎರಡು ದಿನಗಳಿಂದ ಆ ಹೂವುಗಳನ್ನು ಮೆಚ್ಚುತ್ತಿದ್ದೆ!

ಹಾಗೆ ಬಂದವರಲ್ಲಿ ಹೆಚ್ಚಿನವರು ಆ ಮನೆಗಳಲ್ಲಿ ನಿಲ್ಲಲಿಲ್ಲ. ಕಿಟಕಿ ಬಾಗಿಲು, ಮಾಡಿನ ಮರಮುಟ್ಟುಗಳನ್ನು ಜನ ಬಿಚ್ಚಿ ಒಯ್ದರು. 1957ರ ಏಪ್ರಿಲಿನ ಭೂಕಂಪ ಉಳಿದದ್ದಕ್ಕೆ ಪೆಟ್ಟು ಕೊಟ್ಟಿತು. ಅತ್ತ ಗ್ರೀಸಿಗೆ ಹೋದ ಲಿವಿಸ್ಸಿ, ಮಾಕ್ರಿಗಳ ಜನರಲ್ಲಿ ಅನೇಕರು ಅಥೆನ್ಸಿನ ಈಶಾನ್ಯದ ಕಡಲತೀರದಲ್ಲಿ ಹೊಸ ಊರು ಕಟ್ಟಿಕೊಂಡರು. ಅದಕ್ಕಿಟ್ಟ ಹೆಸರು ನೇಆ ಮಾಕ್ರಿ, 'ಹೊಸ ಮಾಕ್ರಿ'. ಊರು ಹೋದರೂ ಹೆಸರನ್ನು ಕೈಬಿಡಲಿಲ್ಲ. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗಲೂ ಆಗಾಗ ಈ ಕಣಿವೆಗೆ ಬರುತ್ತಾರೆ. ಹಾಗೆ ಬಂದ ಒಬ್ಬ ಹೆಂಗಸಿಗೆ ತೇಜೆ ಬರಣಿಯ ಕಥೆ ಹೇಳಿ, "ಇದು ನಿಮ್ಮದು, ತೆಗೆದುಕೊಂಡು ಹೋಗಿ" ಎಂದರಂತೆ. ಆ ಹೆಂಗಸು ಬರಣಿಯ ಮೈಯನ್ನು ಸವರಿ, "ನೂರು ವರ್ಷ ನೀವು ಜೋಪಾನ ಮಾಡಿದ್ದೀರಿ. ಇಲ್ಲೇ ಇರಲಿ. ನಾನು ಬಂದಾಗ ನೋಡುತ್ತೇನೆ" ಎಂದರಂತೆ. ಇದನ್ನು ಹೇಳುವಾಗ ತೇಜೆಯ ಕಣ್ಣು ಒದ್ದೆಯಾಗಿತ್ತು. ಅನುವಾದ ಮಾಡುತ್ತಿದ್ದ ಮಗಳು ಎದ್ದು ಒಳಗೆ ಹೋದಳು.

ಅಂದು ಸಂಜೆ ನನಗೆ ನೆನಪಾದವರು ನೀವು. ಹೊಳೆಬಾಗಿಲಿನಲ್ಲಿ ಲಾಂಚು ದಾಟಿ, ಒದ್ದೆ ಚೀಲದೊಂದಿಗೆ ಎರಡನೆಯ ಪಿರಿಯಡ್ಡಿಗೆ ಓಡಿ ಬರುತ್ತಿದ್ದ ಹುಡುಗ ಹುಡುಗಿಯರು. ನಿಮ್ಮಲ್ಲಿ ಹಲವರ ಅಜ್ಜ ಅಜ್ಜಿಯರ ಮನೆಗಳು ಶರಾವತಿಯ ನೀರಿನಡಿ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರೂರುಗಳೇ ಎದ್ದು, ಶಿವಮೊಗ್ಗ ಜಿಲ್ಲೆಯ ಕಾಡುಗಳ ನಡುವೆ ಹೊಸದಾಗಿ ಒಲೆ ಹೂಡಿದವು. ಆ ನೆಲದ ಹಕ್ಕುಪತ್ರಕ್ಕಾಗಿ ಅವರು ದಶಕಗಳ ಕಾಲ ಅಲೆದರು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುವುದನ್ನು ನೋಡಲು ನಾವೆಲ್ಲ ಹೋಗಿದ್ದೆವು. ಆಗ ನಿಮ್ಮಲ್ಲೊಬ್ಬಳು ನೀರಿನ ಕಡೆ ಕೈ ತೋರಿಸಿ, "ಟೀಚರ್, ನಮ್ಮ ಅಜ್ಜನ ತೋಟ ಅಲ್ಲೆಲ್ಲೋ ಇದೆಯಂತೆ" ಎಂದಿದ್ದಳು. ಲೊಸಾನಿನ ಒಪ್ಪಂದವನ್ನೂ ವಿದ್ಯುತ್ ಯೋಜನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವವಳಲ್ಲ ನಾನು. ಅಲ್ಲಿ ಧರ್ಮದ ಹೆಸರಿನಲ್ಲಿ ಜನರನ್ನು ಬೇರ್ಪಡಿಸಿದರು, ಇಲ್ಲಿ ನಾಡಿಗೆ ಬೆಳಕು ಬೇಕಿತ್ತು. ಆದರೆ ತೀರ್ಮಾನ ಮಾಡಿದವರು ದೂರದಲ್ಲಿದ್ದರು, ಒಲೆ ಆರಿಸಿ ಹೊರಟವರು ಮನೆಯಲ್ಲಿದ್ದರು ಎಂಬುದು ಎರಡೂ ಕಡೆಯ ಸತ್ಯ.

ಉಳಿದ ದಿನಗಳಲ್ಲಿ ನಾವು ಇನ್ನೂ ಹಲವು ಕಡೆ ತಿರುಗಾಡಿದೆವು. ಮಗಳು, ಅಳಿಯ ಪೈನ್ ಕಾಡಿನ ಕಾಲುದಾರಿ ಹಿಡಿದು ಓಲೂದೆನಿಜ್ ಎಂಬ ನೀಲಿ ಖಾರಿಯವರೆಗೆ ನಡೆದು ಬಂದರು. ನಾನು ಚಪ್ಪರದ ಕೆಳಗೆ ದಾಳಿಂಬೆ ಬಿಡಿಸುತ್ತ ಕುಳಿತೆ. ಮೌನ ಹಾಗೆಯೇ ಇತ್ತು. ಆದರೆ ಅದು ಕಾಡಿನ ಮೌನವಲ್ಲ, ಮಕ್ಕಳು ಮನೆಗೆ ಹೋದ ಮೇಲಿನ ಶಾಲೆಯ ಮೌನ ಎಂದು ನನಗೆ ತಿಳಿದುಹೋಗಿತ್ತು. ತಿಳಿದ ಮೇಲೂ ಅದು ಹಿತವಾಗಿಯೇ ಇತ್ತು ಎಂಬುದನ್ನೂ ಹೇಳಬೇಕು. ಆ ಕಣಿವೆಯ ಶಾಂತಿಯಲ್ಲಿ ಒಂಬತ್ತು ದಿನ ಸುಖವಾಗಿ ನಿದ್ರಿಸಿ ಬಂದವಳು ನಾನು. ಆ ಸುಖಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಅತಿಥಿಯ ಕರ್ತವ್ಯವೆಂದು ಭಾವಿಸುತ್ತೇನೆ. ಟರ್ಕಿ ಭಾಷೆಯಲ್ಲಿ ಅತಿಥಿಗೆ 'ಮಿಸಾಫಿರ್' ಎನ್ನುತ್ತಾರೆ, ಅಂದರೆ ನಮ್ಮ ಮುಸಾಫಿರ. ಆ ಮನೆಗಳಲ್ಲಿ ಇದ್ದವರು, ಬಂದವರು, ನಾವು, ಎಲ್ಲರಿಗೂ ಒಪ್ಪುವ ಪದ.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವುದಾದರೆ ಏಪ್ರಿಲ್, ಮೇ ಅಥವಾ ಅಕ್ಟೋಬರಿನಲ್ಲಿ ಹೋಗಿ. ನಡುಬೇಸಿಗೆಯ ಬಿಸಿಲಿನಲ್ಲಿ ಆ ಬಂಡೆಗಳ ಮೇಲೆ ನಡೆಯುವುದು ಕಷ್ಟ. ಗಟ್ಟಿ ಚಪ್ಪಲಿ, ಕುಡಿಯುವ ನೀರು ಇರಲಿ. ಆ ಊರಿನಿಂದ ಒಂದು ಕಲ್ಲನ್ನೂ ನೆನಪಿಗೆಂದು ತರಬೇಡಿ. ಹೋಗಲಾಗದಿದ್ದರೂ ಬೇಸರವಿಲ್ಲ. ಅದಕ್ಕಿಂತ ಹತ್ತಿರದ ಒಂದು ಕೆಲಸವನ್ನು ಎಲ್ಲರಿಗೂ ಕೊಡುತ್ತಿದ್ದೇನೆ. ಮುಳುಗಡೆಯ ಊರಿನಲ್ಲಿ ಹುಟ್ಟಿದ ಹಿರಿಯರು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಮನೆ ಯಾವ ದಿಕ್ಕಿಗೆ ಮುಖ ಮಾಡಿತ್ತು, ಬಾವಿ ಎಲ್ಲಿತ್ತು, ಪಕ್ಕದ ಮನೆಯವರು ಯಾರು, ಗದ್ದೆಗಳಿಗೆ ಏನೇನು ಹೆಸರಿತ್ತು, ಹೊರಡುವಾಗ ಏನನ್ನು ಹೊತ್ತು ತಂದರು, ಏನನ್ನು ಬಿಟ್ಟುಬಂದರು ಎಂದು ಕೇಳಿ. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಅಕ್ಷರ ದುಂಡಾಗಿರಬೇಕೆಂದೇನಿಲ್ಲ, ಈ ಬಾರಿ ಅದಕ್ಕೆ ಅಂಕ ಕಳೆಯುವುದಿಲ್ಲ. ಬರೆದು ಮುಗಿದ ಮೇಲೆ ನನಗೊಂದು ಪ್ರತಿ ಕಳಿಸಿದರೆ ಸಂತೋಷದಿಂದ ಓದುತ್ತೇನೆ.